ಹೈವೇಯಲ್ಲಿ ಕಾರು ಕೆಟ್ಟು ನಿಂತರೆ: ಮೊದಲು ಜನ, ಆಮೇಲೆ ಕಾರು

ಕಾರು ಕೆಟ್ಟು ನಿಂತ ಕೂಡಲೇ ನಮ್ಮ ಜನ ಮಾಡುವ ಮೊದಲ ಕೆಲಸ ಬಾನೆಟ್ ಎತ್ತುವುದು. ಎರಡನೆಯ ಕೆಲಸ ಕಾರಿನ ಹಿಂದೆ ಹೋಗಿ ಫೋನ್ ಮಾಡುತ್ತಾ ನಿಲ್ಲುವುದು. ಮನೆಯವರೆಲ್ಲ ಒಳಗೇ ಕೂತಿರುತ್ತಾರೆ. ಈ ಮೂರೂ ತಪ್ಪು. ಕೆಟ್ಟ ಕಾರಿನಿಂದ ಜೀವ ಹೋಗುವುದು ಕಡಿಮೆ. ನಿಂತ ಕಾರಿಗೆ ಹಿಂದಿನಿಂದ ಬಂದು ಗುದ್ದುವ ಇನ್ನೊಂದು ಗಾಡಿಯಿಂದಲೇ ದೊಡ್ಡ ಅಪಾಯ.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ನೀವು ನಿಂತಿರುವುದು ಆ ಚಾಲಕನಿಗೆ 50 ಮೀಟರ್ ದೂರದಲ್ಲಿ ಕಂಡರೆ, ಅವನ ಕೈಯಲ್ಲಿ ಎರಡು ಸೆಕೆಂಡೂ ಇಲ್ಲ. ಕೆಳಗಿನ ಮೊದಲ ನಾಲ್ಕು ಹಂತಗಳ ಕ್ರಮ ಈ ಲೆಕ್ಕದ ಮೇಲೇ ನಿಂತಿದೆ. ದಯವಿಟ್ಟು ಕ್ರಮ ಬದಲಿಸಬೇಡಿ. ಐದರಿಂದ ಎಂಟರವರೆಗಿನ ಹಂತಗಳಲ್ಲಿ ನಿಮ್ಮ ಕಾರಿಗೆ ಏನಾಗಿದೆಯೋ ಅದನ್ನಷ್ಟೇ ನೋಡಿ.

## ಹೊರಡುವ ಮೊದಲು ಡಿಕ್ಕಿಯಲ್ಲಿ ಏನಿರಬೇಕು

ಪಟ್ಟಿ ದೊಡ್ಡದೇನಲ್ಲ. ಹಿಂದಿನಿಂದ ಬರುವವರಿಗೆ ಎಚ್ಚರಿಕೆಯಾಗಿ ರಸ್ತೆಯಲ್ಲಿ ಇಡುವ ಹೊಳೆಯುವ ಕೆಂಪು ಟ್ರಯಾಂಗಲ್, ಜಾಕಿ ಮತ್ತು ಅದರ ಹಿಡಿ, ವೀಲ್ ಸ್ಪ್ಯಾನರ್, ಗಾಳಿ ತುಂಬಿದ ಸ್ಟೆಪ್ನಿ, ಟಾರ್ಚ್, ಒಂದು ಅಡಿ ಅಗಲದ ಗಟ್ಟಿ ಹಲಗೆ, ಬ್ಯಾಟರಿ ಸತ್ತಾಗ ಇನ್ನೊಂದು ಕಾರಿನಿಂದ ಕರೆಂಟ್ ತೆಗೆದುಕೊಳ್ಳುವ ಜಂಪರ್ ಕೇಬಲ್, ಎರಡು ಲೀಟರ್ ನೀರು, ದಪ್ಪ ಬಟ್ಟೆ, ಫಸ್ಟ್ ಏಡ್ ಬಾಕ್ಸ್. ಟ್ರಾಫಿಕ್ ಪೊಲೀಸರು ಹಾಕುವಂಥ ಹೊಳೆಯುವ ಜಾಕೆಟ್ ಒಂದಿದ್ದರೆ ರಾತ್ರಿ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ.

ಟ್ರಯಾಂಗಲ್ ಮತ್ತು ಟಾರ್ಚನ್ನು ಲಗೇಜಿನ ಅಡಿಯಲ್ಲಿ ಹೂಳಬೇಡಿ. ಸೀಟಿನ ಕೆಳಗೆ ಇಡಿ. ಕತ್ತಲೆಯಲ್ಲಿ ನಾಲ್ಕು ಸೂಟ್‌ಕೇಸ್ ಕೆಳಗಿಳಿಸಿ ಟ್ರಯಾಂಗಲ್ ಹುಡುಕುವಾಗ ನೀವು ನಿಂತಿರುವುದು ಕಾರಿನ ಹಿಂದೆ, ಅತಿ ಅಪಾಯದ ಜಾಗದಲ್ಲಿ.

ಸ್ಟೆಪ್ನಿ ಬಗ್ಗೆ ಒಂದು ಮಾತು. ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ಒಮ್ಮೆ ನಮ್ಮ ಕಾರು ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಅದರಲ್ಲಿ ಗಾಳಿ ಇರಲಿಲ್ಲ. ನಾಲ್ಕು ಚಕ್ರಕ್ಕೆ ತಪ್ಪದೆ ಗಾಳಿ ಹಾಕಿಸುತ್ತಿದ್ದೆ, ಐದನೆಯದು ನೆನಪಾಗಿರಲಿಲ್ಲ. ಎರಡೂವರೆ ಗಂಟೆ ಮಕ್ಕಳ ಜೊತೆ ರಸ್ತೆ ಬದಿ ಕೂರಬೇಕಾಯಿತು. ಈಗ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವಾಗಲೆಲ್ಲ ಡಿಕ್ಕಿ ತೆಗೆಸುತ್ತೇನೆ. ಈಗಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಬರೀ ಪಂಕ್ಚರ್ ಕಿಟ್ ಇರುತ್ತದೆ. ನಿಮ್ಮದು ಯಾವ ಥರದ್ದು ಅಂತ ಇವತ್ತೇ ತೆಗೆದು ನೋಡಿ.

## ಹಂತ 1: ಕಾರನ್ನು ರಸ್ತೆಯಿಂದ ಹೊರಗೆ ತನ್ನಿ

ಏನೋ ಸರಿಯಿಲ್ಲ ಅನ್ನಿಸಿದ ಕ್ಷಣವೇ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಕೆಂಪು ತ್ರಿಕೋನದ ಬಟನ್ ಒತ್ತಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕನ್ನಡಿ ನೋಡುತ್ತಾ ನಿಧಾನವಾಗಿ ಎಡಕ್ಕೆ ಬನ್ನಿ.

ಟೈರ್ ಸಿಡಿದರೆ ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ಎರಡೂ ಕೈಯಲ್ಲಿ ಸ್ಟೀರಿಂಗ್ ನೇರ ಹಿಡಿಯಿರಿ, ವೇಗ ತಾನಾಗಿ ಇಳಿಯಲಿ. ಓಡುವಾಗಲೇ ಎಂಜಿನ್ ಆಫ್ ಆದರೆ ಸ್ಟೀರಿಂಗ್ ಭಾರವಾಗುತ್ತದೆ. ಆದರೂ ತಿರುಗುತ್ತದೆ, ಜೋರಾಗಿ ತಿರುಗಿಸಬೇಕು ಅಷ್ಟೇ. ಬ್ರೇಕಿಗೆ ಎರಡು ಮೂರು ಸಲ ಒತ್ತುವಷ್ಟೇ ಬಲ ಉಳಿದಿರುತ್ತದೆ. ಅದಕ್ಕೆ ಪದೇ ಪದೇ ಒತ್ತಬೇಡಿ, ಒಂದೇ ಸಲ ಒತ್ತಿ ಹಿಡಿಯಿರಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ.

ಪಂಕ್ಚರ್ ಆದ ಜಾಗದಲ್ಲೇ ನಿಲ್ಲಿಸಬೇಕು ಅಂತ ಯಾರೂ ಹೇಳಿಲ್ಲ. ಇಳಿದ ಟೈರಿನಲ್ಲೇ ನಡಿಗೆಯ ವೇಗದಲ್ಲಿ ಇನ್ನೂ 300–400 ಮೀಟರ್ ಉರುಳಿಸಿಕೊಂಡು ಹೋದರೆ ಅಗಲವಾದ ಜಾಗ ಸಿಗಬಹುದು. ಟೈರ್ ಹಾಳಾಗಬಹುದು, ರಿಮ್ ಕೂಡ ಬಾಗಬಹುದು. ಆಗಲಿ ಬಿಡಿ, ಹೊಸದು ಸಿಗುತ್ತದೆ. ತಿರುವಿನಲ್ಲಿ, ಸೇತುವೆಯ ಮೇಲೆ, ಏರು ಮುಗಿದು ಇಳಿಜಾರು ಶುರುವಾಗುವ ಜಾಗದಲ್ಲಿ ಮಾತ್ರ ನಿಲ್ಲಿಸಲೇಬೇಡಿ. ಹಿಂದಿನವರಿಗೆ ನೀವು ಕಾಣುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದು ಇನ್ನೂ ಮುಖ್ಯ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಅಂದರೆ ಮದ್ದೂರಿನಿಂದಲೋ ಮಂಡ್ಯದಿಂದಲೋ ಬೈಕಿನಲ್ಲಿ ಟೂಲ್ಸ್ ಹಿಡಿದು ಬರುವ ಮೆಕ್ಯಾನಿಕ್ ನಿಮ್ಮ ಹತ್ತಿರ ಬರುವಂತಿಲ್ಲ. ಕಾರು ಸ್ವಲ್ಪವಾದರೂ ಓಡುವ ಸ್ಥಿತಿಯಲ್ಲಿದ್ದು ಎಕ್ಸಿಟ್ ಹತ್ತಿರವೇ ಇದ್ದರೆ ಸರ್ವಿಸ್ ರೋಡಿಗೆ ಇಳಿದುಬಿಡಿ.

## ಹಂತ 2: ಎಲ್ಲರನ್ನೂ ಇಳಿಸಿ, ದೂರ ಕೂರಿಸಿ

ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಿರಿ, ಮುಂದಿನ ಚಕ್ರಗಳನ್ನು ಎಡಕ್ಕೆ ತಿರುಗಿಸಿ ಬಿಡಿ. ಯಾರಾದರೂ ಗುದ್ದಿದರೂ ಕಾರು ರಸ್ತೆಯ ಮಧ್ಯಕ್ಕೆ ಬರುವುದಿಲ್ಲ. ಎಂಜಿನ್ ಆಫ್ ಮಾಡಿ.

ಎಲ್ಲರೂ ಎಡಬದಿಯ ಬಾಗಿಲಿನಿಂದಲೇ ಇಳಿಯಬೇಕು. ಚಾಲಕ ಕೂಡ ಆದಷ್ಟು ಎಡ ಸೀಟಿನ ಕಡೆಯಿಂದ ದಾಟಿ ಬರಲಿ. ಇಳಿದವರು ಕಬ್ಬಿಣದ ತಡೆಗೋಡೆ ಇದ್ದರೆ ಅದರ ಆಚೆಗೆ, ಇಲ್ಲದಿದ್ದರೆ ರಸ್ತೆಯಿಂದ ಸಾಕಷ್ಟು ಒಳಗೆ ಹೋಗಬೇಕು. ಕಾರಿನ ಮುಂದಕ್ಕೆ ಬೇಡ. ಹಿಂದಿನಿಂದ ಗುದ್ದಿದರೆ ಕಾರು ಮುಂದಕ್ಕೇ ನುಗ್ಗುತ್ತದೆ. ಹಿಂದಕ್ಕೂ ಬೇಡ. ಬದಿಗೆ ಸರಿದು, ಗಾಡಿಗಳು ಬರುವ ದಿಕ್ಕಿಗೆ ಸ್ವಲ್ಪ ಹಿಂದೆ ಕೂರುವುದು ಕ್ಷೇಮ. ಮಗುವನ್ನು ಒಬ್ಬರು ಕೈಹಿಡಿದೇ ಇರಲಿ.

"ಹೊರಗೆ ಬಿಸಿಲು, ಅಜ್ಜಿ ಒಳಗೇ ಇರಲಿ" ಅನ್ನುವವರು ಬಹಳ. ಅಜ್ಜಿಗೆ ಕೊಡೆ ಕೊಡಿ, ಕೈಹಿಡಿದು ಇಳಿಸಿ. ಕಾರಿನೊಳಗೆ ಬಿಡಬೇಡಿ.

ಒಳಗೇ ಇರಬೇಕಾದ ಸಂದರ್ಭಗಳೂ ಇವೆ. ಕಾರು ಮಧ್ಯದ ಲೇನಿನಲ್ಲಿ ನಿಂತಿದ್ದು, ಎರಡೂ ಕಡೆ ಗಾಡಿಗಳು ನುಗ್ಗುತ್ತಿದ್ದರೆ ಇಳಿಯಲು ಹೋಗಬೇಡಿ. ಬೆಲ್ಟ್ ಹಾಕಿಕೊಂಡೇ ಕೂತು 112ಕ್ಕೆ ಫೋನ್ ಮಾಡಿ. ಬಂಡೀಪುರದಂಥ ಕಾಡಿನ ರಸ್ತೆಯಲ್ಲೂ ಇಳಿಯಬೇಡಿ. ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಸಂಜೆ ಕೆಟ್ಟು ನಿಂತರೆ ಸಹಾಯಕ್ಕೆ ಸಿಗುವ ಗಾಡಿಗಳು ಬೇಗ ಬೇಗ ಕಡಿಮೆಯಾಗುತ್ತವೆ. ಗಾಜು ಸ್ವಲ್ಪ ಇಳಿಸಿ, ಹೋಗುವವರ ಕೈಲಿ ಮುಂದಿನ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸಿ.

## ಹಂತ 3: ಟ್ರಯಾಂಗಲ್ ಎಷ್ಟು ದೂರ?

ಜಾಸ್ತಿ ಜನ ಎಡವುವುದು ಇಲ್ಲೇ. ಟ್ರಯಾಂಗಲ್ಲನ್ನು ಕಾರಿನ ಹಿಂದೆ ನಾಲ್ಕು ಹೆಜ್ಜೆಯಲ್ಲಿ ಇಡುತ್ತಾರೆ. ಅದು ಇಟ್ಟೂ ಇಡದ ಹಾಗೆ. ಕಾರು ಕಾಣುವಾಗಲೇ ಟ್ರಯಾಂಗಲ್ಲೂ ಕಂಡರೆ ಏನು ಪ್ರಯೋಜನ?

ಊರೊಳಗಿನ ರಸ್ತೆಯಲ್ಲಿ 50 ಮೀಟರ್ ಸಾಕು. ಹೆದ್ದಾರಿಯಲ್ಲಿ ಕಡಿಮೆಯೆಂದರೂ 100 ಮೀಟರ್ ಬೇಕು, ಅಂದರೆ ಸುಮಾರು 130–140 ಹೆಜ್ಜೆ. ಎಣಿಸಿಕೊಂಡೇ ಹೋಗಿ. ಘಾಟಿಯಲ್ಲಿ ಹೆಜ್ಜೆಯ ಲೆಕ್ಕ ಬಿಡಿ, ತಿರುವಿನ ಲೆಕ್ಕ ಹಿಡಿಯಿರಿ. ನೀವು ತಿರುವಿನ ಈಚೆ ನಿಂತಿದ್ದರೆ ಟ್ರಯಾಂಗಲ್ ತಿರುವಿನ ಆಚೆ ಇರಬೇಕು. ಚಾರ್ಮಾಡಿ, ಆಗುಂಬೆಗಳಲ್ಲಿ ಮಳೆಗಾಲದ ಮಂಜಿನಲ್ಲಿ ಹತ್ತು ಮೀಟರ್ ಮುಂದೆಯೂ ಕಾಣದ ಹೊತ್ತಿದೆ. ಇಂಥ ರಸ್ತೆಯಲ್ಲಿ ಗಾಡಿ ಎರಡೂ ಕಡೆಯಿಂದ ಬರುತ್ತದೆ, ಹಾಗಾಗಿ ಎದುರಿನಿಂದ ಬರುವವರಿಗೂ ಸೂಚನೆ ಬೇಕು.

ಟ್ರಯಾಂಗಲ್ ಇಡಲು ಹೋಗುವವರು ಡಾಂಬರಿನ ಹೊರಗೆ, ಮಣ್ಣಿನ ಮೇಲೆ ನಡೆಯಬೇಕು. ಎದುರಿಗೆ ಬರುವ ಗಾಡಿಗಳನ್ನು ನೋಡುತ್ತಾ, ಟ್ರಯಾಂಗಲ್ಲನ್ನು ಎದೆಯ ಮುಂದೆ ಹಿಡಿದುಕೊಂಡೇ ಹೋಗಿ. ರಾತ್ರಿ ಟಾರ್ಚನ್ನು ನೆಲಕ್ಕೆ ಬಿಡಿ, ಚಾಲಕರ ಕಣ್ಣಿಗಲ್ಲ.

ಟ್ರಯಾಂಗಲ್ ಇಲ್ಲದಿದ್ದರೆ ನಮ್ಮಲ್ಲಿ ಸೊಪ್ಪಿನ ಕೊಂಬೆ ಮುರಿದು ಇಡುತ್ತಾರೆ. ಹಗಲಲ್ಲಿ ಅದು ನಡೆಯುತ್ತದೆ. ಕಲ್ಲು ಮಾತ್ರ ಬೇಡ. ರಿಪೇರಿ ಮುಗಿದ ಖುಷಿಯಲ್ಲಿ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಬೈಕಿನಲ್ಲಿ ಬರುವ ಯಾರದೋ ಮನೆಯ ಮಗ ಅದಕ್ಕೆ ಎಡವುತ್ತಾನೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಜಾಕಿ ಹಾಕುವಾಗ ಚಕ್ರಕ್ಕೆ ಒತ್ತಿಟ್ಟ ಕಲ್ಲನ್ನೂ ಎತ್ತಿ ಚರಂಡಿಯಾಚೆ ಹಾಕಿಯೇ ಹೊರಡಿ.

## ಹಂತ 4: ಯಾರಿಗೆ ಫೋನ್, ಎಲ್ಲಿದ್ದೇವೆ ಅಂತ ಹೇಗೆ ಹೇಳುವುದು

ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಇದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ. ಕ್ರೇನ್, ಗಸ್ತು ವಾಹನ, ಆಂಬುಲೆನ್ಸ್ ಮೂರಕ್ಕೂ ಇದೇ ನಂಬರ್. ಪೊಲೀಸ್, ಬೆಂಕಿ, ಬೇರೆ ಯಾವುದೇ ತುರ್ತಿಗೆ 112. ಗಾಯವಾಗಿದ್ದರೆ 108. ಇನ್ಶೂರೆನ್ಸ್ ಅಥವಾ ಕಾರು ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅದರ ನಂಬರನ್ನು ಪಾಲಿಸಿ ನಂಬರಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲೇ ಅಂಟಿಸಿಡಿ. ಮೊಬೈಲ್ ಚಾರ್ಜ್ ಮುಗಿದಾಗ ಚೀಟಿಯೇ ಗತಿ.

ಫೋನೆತ್ತಿದವರು ಮೊದಲು ಕೇಳುವುದು "ಎಲ್ಲಿದ್ದೀರಿ?" ಅಂತ. "ಇಲ್ಲೇ ಹಾಸನ ದಾಟಿ ಸ್ವಲ್ಪ ಮುಂದೆ ಸರ್" ಅಂದರೆ ಯಾರೂ ಹುಡುಕಲಾರರು. ಹೀಗೆ ಮಾಡಿ:

1. ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲಿನ ಊರು, ಸಂಖ್ಯೆ ಎರಡನ್ನೂ ಓದಿ ಹೇಳಿ.
2. ಯಾವ ಊರಿನಿಂದ ಯಾವ ಊರಿನ ಕಡೆ ಹೋಗುತ್ತಿದ್ದಿರಿ ಅಂತ ಹೇಳಿ. ಡಿವೈಡರ್ ಇರುವ ರಸ್ತೆಯಲ್ಲಿ ಇದು ಗೊತ್ತಾಗದಿದ್ದರೆ ಕ್ರೇನ್ ಆಚೆ ಬದಿಗೆ ಬಂದು ನಿಲ್ಲುತ್ತದೆ.
3. ಕೊನೆಗೆ ದಾಟಿದ ಟೋಲ್ ಯಾವುದು ಅಂತ ಮರೆತಿದ್ದರೆ ಫಾಸ್ಟ್‌ಟ್ಯಾಗ್ ಮೆಸೇಜ್ ತೆಗೆಯಿರಿ. ಟೋಲಿನ ಹೆಸರು, ಸಮಯ ಎರಡೂ ಅದರಲ್ಲಿರುತ್ತದೆ.
4. ನೆಟ್‌ವರ್ಕ್ ಇದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿ.

ಶಿರಾಡಿ, ಚಾರ್ಮಾಡಿಯಂಥ ಕಡೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸನ್ನೋ ಲಾರಿಯನ್ನೋ ಕೈತೋರಿಸಿ ನಿಲ್ಲಿಸಿ, ನಂಬರ್ ಬರೆದ ಚೀಟಿ ಕೊಟ್ಟು, ಸಿಗ್ನಲ್ ಸಿಕ್ಕ ಕಡೆ ಫೋನ್ ಮಾಡಲು ಹೇಳಿ. ಲಾರಿಯವರು ಇಂಥ ಸಹಾಯಕ್ಕೆ ಇಲ್ಲ ಅನ್ನುವುದು ಅಪರೂಪ.

ಒಂದು ಎಚ್ಚರಿಕೆ. ಓಡುತ್ತಿರುವ ಕಾರಿನ ಪಕ್ಕ ಬೈಕಿನಲ್ಲಿ ಬಂದು "ಆಯಿಲ್ ಸೋರುತ್ತಿದೆ, ಟೈರ್ ಅಲ್ಲಾಡುತ್ತಿದೆ" ಅಂತ ಸನ್ನೆ ಮಾಡಿ ನಿಲ್ಲಿಸಿ, ಬ್ಯಾಗ್ ಎತ್ತುವ ಕಳ್ಳರಿದ್ದಾರೆ. ಮೀಟರಿನಲ್ಲಿ ಕೆಂಪು ದೀಪ ಇಲ್ಲ, ಓಟದಲ್ಲಿ ವ್ಯತ್ಯಾಸ ಇಲ್ಲ ಅಂದರೆ ನಿಧಾನವಾಗಿ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗಿ, ಅಲ್ಲಿ ಇಳಿದು ನೋಡಿ.

## ಹಂತ 5: ಸ್ಟೆಪ್ನಿ ಬದಲಿಸುವುದು

ಮೊದಲು ಒಂದು ನಿರ್ಧಾರ. ಇಳಿದಿರುವುದು ಬಲಬದಿಯ ಚಕ್ರ, ಅದನ್ನು ಬಿಚ್ಚಲು ನೀವು ರಸ್ತೆಗೆ ಬೆನ್ನು ಹಾಕಿ ಕೂರಬೇಕು ಅಂದರೆ ಅಲ್ಲಿ ಬದಲಿಸಬೇಡಿ. ಅಗಲ ಜಾಗಕ್ಕೆ ಉರುಳಿಸಿಕೊಂಡು ಹೋಗಿ, ಇಲ್ಲವೇ ಗಸ್ತು ವಾಹನ ಬಂದು ಹಿಂದೆ ನಿಲ್ಲುವವರೆಗೆ ಕಾಯಿರಿ. ಇಳಿಜಾರಿನಲ್ಲೂ, ಕೆಸರಿನಲ್ಲೂ ಜಾಕಿ ಹಾಕಬೇಡಿ.

1. ಫಸ್ಟ್ ಗೇರಿಗೆ ಹಾಕಿ. ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ಗೆ. ಹ್ಯಾಂಡ್ ಬ್ರೇಕ್ ಎಳೆದೇ ಇರಲಿ. ಬಿಚ್ಚುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.
2. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಕಾರು ಎತ್ತಿದ ಮೇಲೆ ತಿರುಗಿಸಿದರೆ ಚಕ್ರವೇ ತಿರುಗುತ್ತದೆ, ಕಾರು ಜಾಕಿಯಿಂದ ಜಾರುತ್ತದೆ. ನಾನು ನೋಡಿದ ಜಾಸ್ತಿ ಅವಘಡಗಳು ಈ ಒಂದು ಹೆಜ್ಜೆ ತಪ್ಪಿದ್ದರಿಂದಲೇ ಆದವು. ನಟ್ ಜಾಮ್ ಆಗಿದ್ದರೆ ಸ್ಪ್ಯಾನರಿನ ಹಿಡಿ ಎಡಕ್ಕೆ ಬರುವ ಹಾಗೆ ಕೂರಿಸಿ ಕಾಲಿನಿಂದ ಕೆಳಗೆ ಒತ್ತಿ.
3. ಜಾಕಿ ಕೂರುವ ಜಾಗ ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ ಇರುತ್ತದೆ. ಎರಡು ಸಣ್ಣ ಕಚ್ಚು ಕೈಗೆ ಸಿಗುತ್ತದೆ. ಬೇರೆ ಎಲ್ಲೇ ಇಟ್ಟರೂ ತಗಡು ಒಳಗೆ ಹೋಗುತ್ತದೆ. ನೆಲ ಮೆತ್ತಗಿದ್ದರೆ ಜಾಕಿಯ ಕೆಳಗೆ ಹಲಗೆ ಹಾಕಿ.
4. ಚಕ್ರ ನೆಲದಿಂದ ಮೂರು ನಾಲ್ಕು ಬೆರಳು ಮೇಲೆದ್ದರೆ ಸಾಕು. ಬಿಚ್ಚುವ ಮೊದಲೇ ಸ್ಟೆಪ್ನಿಯನ್ನು ಜಾಕಿಯ ಪಕ್ಕ ಕಾರಿನ ಕೆಳಗೆ ಮಲಗಿಸಿ. ಜಾಕಿ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ. ನಿಮ್ಮ ತಲೆ, ಕೈ, ಕಾಲು ಯಾವ ಕಾರಣಕ್ಕೂ ಕಾರಿನ ಕೆಳಗೆ ಹೋಗಬಾರದು.
5. ಹಳೆ ಚಕ್ರ ತೆಗೆದು ಸ್ಟೆಪ್ನಿಯ ಜಾಗದಲ್ಲಿ ಮಲಗಿಸಿ, ಸ್ಟೆಪ್ನಿ ಹಾಕಿ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ. ಕೈಗೆ ಬಿಗಿ ಬಂದರೆ ಎಳೆ ತಪ್ಪಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ.
6. ಅಡಿಯಲ್ಲಿಟ್ಟ ಚಕ್ರ ಎಳೆದುಕೊಂಡು ಕಾರು ಇಳಿಸಿ. ಆಮೇಲೆ ನಟ್ ಬಿಗಿಯಿರಿ. ಒಂದರ ಪಕ್ಕದಲ್ಲಿ ಇನ್ನೊಂದು ಅಂತ ಸುಮ್ನೆ ಸುತ್ತುತ್ತಾ ಹೋಗಬೇಡಿ, ಎದುರೆದುರು ಬಿಗಿಯಿರಿ. ಕೊನೆಯಲ್ಲಿ ಮೇಲೆ ನಿಂತು ಕುಣಿಯುವುದು ಬೇಡ, ಎರಡೂ ಕೈಯ ಬಲ ಸಾಕು.

ಐವತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ನಟ್ ಮತ್ತೆ ಬಿಗಿದು ನೋಡಿ. ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದಾಗಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ 80. ಅದನ್ನು ಮೀರಬೇಡಿ.

## ಹಂತ 6: ಎಂಜಿನ್ ಬಿಸಿಯಾದರೆ

ಸೂಚನೆಗಳು ಮೊದಲೇ ಬರುತ್ತವೆ. ಎಸಿಯ ತಂಪು ಕಡಿಮೆಯಾಗುತ್ತದೆ, ಬಿಸಿಯ ಮುಳ್ಳು ಮೇಲೇರುತ್ತದೆ, ಸಿಹಿಯಾದ ಒಂದು ವಾಸನೆ ಬರುತ್ತದೆ. ಆಗಲೇ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ಇಳಿಸಿ. ಸೆಖೆಯಾಗುತ್ತದೆ, ಆದರೆ ಎಂಜಿನಿನ ಬಿಸಿ ಸ್ವಲ್ಪ ಹೊರಗೆ ಬರುತ್ತದೆ. ಕೆಂಪು ದೀಪ ಹತ್ತಿದರೆ ಅಥವಾ ಆವಿ ಕಂಡರೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಆಮೇಲೆ ಮುಕ್ಕಾಲು ಗಂಟೆ ಏನೂ ಮಾಡಬೇಡಿ. ಕಾಯುವುದೇ ಇಲ್ಲಿ ಕೆಲಸ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಎಂಜಿನಿಗೆ ತಣ್ಣೀರು ಸುರಿದರೆ ಲೋಹ ಸೀಳಬಹುದು. ಮುಚ್ಚಳ ಕೈಗೆ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕಿಟ್ಟು, ನಿಧಾನವಾಗಿ ತೆಗೆದು ನೀರು ಹಾಕಿ. ಹಾಕಿದ ನೀರು ಕೆಳಗಿನಿಂದ ಸೋರುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಸ್ಟಾರ್ಟ್ ಮಾಡಬೇಡಿ. ಕ್ರೇನ್ ಕರೆಸಿ.

ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪಕ್ಕೂ ಇದೇ ಮಾತು. "ಊರು ಹತ್ತಿರವೇ ಇದೆಯಲ್ಲಾ" ಅಂತ ಎರಡು ಕಿಲೋಮೀಟರ್ ಓಡಿಸಿದವರು ಎಂಜಿನ್ನನ್ನೇ ಬಿಚ್ಚಿಸಬೇಕಾಗಿ ಬಂದದ್ದಿದೆ.

## ಹಂತ 7: ಬ್ಯಾಟರಿ ಸತ್ತಿದ್ದರೆ

ಕೀ ತಿರುಗಿಸಿದಾಗ ಟಕ್ ಟಕ್ ಶಬ್ದ, ಮಂಕು ದೀಪ: ಬ್ಯಾಟರಿ. ದೀಪ ಚೆನ್ನಾಗಿದ್ದು ಎಂಜಿನ್ ತಿರುಗಿದರೂ ಹಿಡಿಯುತ್ತಿಲ್ಲ ಅಂದರೆ ಬೇರೆ ತೊಂದರೆ, ಜಂಪರ್ ಕೇಬಲ್‌ನಿಂದ ಉಪಯೋಗವಿಲ್ಲ.

ಸಹಾಯಕ್ಕೆ ಬಂದ ಕಾರು ಹತ್ತಿರ ಬರಲಿ, ಎರಡು ಕಾರೂ ತಾಗಬಾರದು. ಎರಡೂ ಆಫ್ ಇರಲಿ. ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿ ಸತ್ತ ಬ್ಯಾಟರಿಗೆ ಅಲ್ಲ, ಆ ಕಾರಿನ ಎಂಜಿನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಬ್ಯಾಟರಿಯಿಂದ ಬರುವ ಅನಿಲಕ್ಕೆ ಕಿಡಿ ತಾಗಬಾರದು, ಅದಕ್ಕೇ ಹೀಗೆ. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ನಿಮ್ಮದನ್ನು ಪ್ರಯತ್ನಿಸಿ. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದು.

## ಹಂತ 8: ಘಾಟಿ ಇಳಿಯುವಾಗ ಬ್ರೇಕ್ ಸಡಿಲವಾದರೆ

ಸುಟ್ಟ ವಾಸನೆ, ಕಾಲಿಗೆ ಮೆತ್ತಗಾದ ಪೆಡಲ್ ಇವೆರಡೂ ಕೊನೆಯ ಎಚ್ಚರಿಕೆ. ಕೂಡಲೇ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಬಿಸಿ ಚಕ್ರಕ್ಕೆ ನೀರು ಎರಚಬೇಡಿ.

ಪೆಡಲ್ ಪೂರ್ತಿ ಒಳಗೆ ಹೋದರೆ ಬೇಗ ಬೇಗ ಒತ್ತಿ ಬಿಡಿ. ಎಂಜಿನ್ ನಿಂತಾಗ ಮಾಡಬಾರದು ಅಂದದ್ದು ಇಲ್ಲಿ ಮಾಡಬೇಕು. ಒಂದೊಂದೇ ಗೇರ್ ಇಳಿಸುತ್ತಾ ಬನ್ನಿ. ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಅಷ್ಟಾದರೂ ನಿಲ್ಲದಿದ್ದರೆ ಕಣಿವೆಯ ಕಡೆ ಬೇಡ, ಗುಡ್ಡದ ಕಡೆಯ ಮಣ್ಣಿಗೆ ಕಾರನ್ನು ಉಜ್ಜಿಸಿ ನಿಲ್ಲಿಸಿ.

ಈ ಸ್ಥಿತಿ ಜಾಸ್ತಿ ಬರುವುದು ನ್ಯೂಟ್ರಲ್‌ನಲ್ಲಿ ಇಳಿಸುವ ಚಟದಿಂದ. ಪೆಟ್ರೋಲ್ ಉಳಿಯುತ್ತೆ ಅಂತ ಹಾಗೆ ಮಾಡುತ್ತಾರೆ ಅಲ್ವಾ? ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಜಾಸ್ತಿ ಖರ್ಚು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್.

## ನೀರು ಮತ್ತು ಬೆಂಕಿ

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡರು. ಆಳ ಗೊತ್ತಿಲ್ಲದ ನೀರಿಗೆ ಇಳಿಯಬೇಡಿ. ಇಳಿದು ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ನೀರು ಎಂಜಿನಿನ ಒಳಗೆ ಹೋಗುತ್ತದೆ. ಬೆಲ್ಟ್ ಬಿಚ್ಚಿ, ಕೂಡಲೇ ಗಾಜು ಇಳಿಸಿ. ಸ್ವಲ್ಪ ತಡವಾದರೆ ಪವರ್ ವಿಂಡೋ ಕೆಲಸ ಮಾಡದೆ ಹೋಗಬಹುದು, ಬಾಗಿಲನ್ನು ನೀರಿನ ಒತ್ತಡ ಬಿಡುವುದಿಲ್ಲ. ಕಿಟಕಿಯಿಂದ ಹೊರಗೆ ಬಂದು ಕಾರಿನ ಮೇಲೆ ಹತ್ತಿ. ಸಾಮಾನು ಅಲ್ಲೇ ಇರಲಿ.

ಬಾನೆಟ್‌ನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆಯ ಹೊಗೆ ಬಂದರೆ ನಿಲ್ಲಿಸಿ, ಆಫ್ ಮಾಡಿ, ಎಲ್ಲರೂ ಕನಿಷ್ಠ 30 ಮೀಟರ್ ದೂರ ಹೋಗಿ, 112ಕ್ಕೆ ಫೋನ್ ಮಾಡಿ. ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ. ಎಲೆಕ್ಟ್ರಿಕ್ ಕಾರಾದರೆ ಇನ್ನೂ ದೂರ ಹೋಗಿ, ಕಿತ್ತಳೆ ಬಣ್ಣದ ವೈರ್ ಮುಟ್ಟಬೇಡಿ.

## ಯಾರಿಗಾದರೂ ಗಾಯವಾಗಿದ್ದರೆ

108. ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಬೆಂಕಿಯ ಅಪಾಯವಿಲ್ಲದಿದ್ದರೆ ಎಳೆದಾಡಬೇಡಿ, ನೀರು ಕುಡಿಸಬೇಡಿ. ಕೇಸ್ ಆಗುತ್ತದೆ ಅನ್ನುವ ಭಯ ಬಿಡಿ. ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ 2016ರ ಕಾನೂನು ಕರ್ನಾಟಕದಲ್ಲಿದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲೂ ಆ ರಕ್ಷಣೆ ಇದೆ. ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಿನ ಕೇಂದ್ರದ ಯೋಜನೆಯಂತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿ.

## ಕಾರು ಎಳೆಸುವಾಗ, ಹೊರಡುವಾಗ

ಆಟೋಮ್ಯಾಟಿಕ್, ಎಲೆಕ್ಟ್ರಿಕ್, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರುಗಳನ್ನು ಹಗ್ಗ ಕಟ್ಟಿ ಎಳೆಸಬೇಡಿ. ಪೂರ್ತಿ ಎತ್ತಿ ಇಟ್ಟುಕೊಳ್ಳುವ ಗಾಡಿಯನ್ನೇ ಕಳಿಸಲು ಫೋನಿನಲ್ಲೇ ಹೇಳಿ. ಎಷ್ಟು ದುಡ್ಡು, ಎಲ್ಲಿಯವರೆಗೆ ಅಂತ ಕೊಕ್ಕೆ ಹಾಕುವ ಮೊದಲೇ ಮಾತಾಡಿ. ಎತ್ತುವ ಮೊದಲು ಕಾರಿನ ನಾಲ್ಕೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಎಳೆಯುವಾಗ ಕಾರಿನೊಳಗೆ ಯಾರೂ ಕೂರಬಾರದು.

ನೀವೇ ಸರಿಮಾಡಿಕೊಂಡು ಹೊರಟರೆ, ಟ್ರಯಾಂಗಲ್ ಕೊನೆಯಲ್ಲಿ ತೆಗೆಯಿರಿ, ಎಲ್ಲರೂ ಒಳಗೆ ಕೂತ ಮೇಲೆ. ಕಲ್ಲು, ಕೊಂಬೆ ಎಲ್ಲ ಬದಿಗೆ ಹಾಕಿ. ಮಣ್ಣಿನ ಬದಿಯಲ್ಲೇ ಸ್ವಲ್ಪ ವೇಗ ತೆಗೆದುಕೊಂಡು ರಸ್ತೆಗೆ ಸೇರಿ. ಮೊದಲು ಕಂಡ ಪಂಕ್ಚರ್ ಅಂಗಡಿಯಲ್ಲೇ ನಿಲ್ಲಿಸಿ ಆ ಟೈರ್ ಸರಿಮಾಡಿಸಿ. ನಾಳೆ ಮಾಡಿಸೋಣ ಅಂತ ಹೊರಟವರ ಹತ್ತಿರ ಇನ್ನೊಂದು ಸ್ಟೆಪ್ನಿ ಇರುವುದಿಲ್ಲ.